ಸೀಟಿ ತಾತ ಸಮುದ್ರಕ್ಕೆ ಹೋದದ್ದು

ಅರಬ್ಬೀ ಸಮುದ್ರದ ಎದುರು ಕಾಲು ಅಗಲಿಸಿ ನಿಂತು, ಸೀಟಿ ಊದಿ, “ಹಿಂದಕ್ಕ ಸರಿ!” ಎಂದು ಅದಕ್ಕೇ ಆಜ್ಞೆ ಮಾಡಿದ ಮನುಷ್ಯ ಈ ದೇಶದಲ್ಲಿ ಒಬ್ಬನೇ ಇರಬೇಕು. ಅವರು ನಮ್ಮ ಚಿಕ್ಕಪ್ಪ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ, ಸೆರಗಿನಿಂದ ಮುಖ ಮುಚ್ಚಿಕೊಂಡು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ. ಯಾಕೆಂದರೆ, ಸಮುದ್ರ ನಿಜಕ್ಕೂ ಹಿಂದಕ್ಕೆ ಸರಿಯಿತು! ಅದು ಇಳಿತದ ಹೊತ್ತು, ಸೀಟಿ ಊದದಿದ್ದರೂ ಸರಿಯುತ್ತಿತ್ತು ಎಂದು ನನ್ನ ಗಂಡ ಎಷ್ಟು ಬಿಡಿಸಿ ಹೇಳಿದರೂ ಚಿಕ್ಕಪ್ಪ ಒಪ್ಪಲಿಲ್ಲ. “ಅಳಿಯಾರ, ಶಿಸ್ತು ಅನ್ನೋದು ಯಾರಿಗೆ ಹೇಳಿದ್ರೂ ತಿಳೀತೈತಿ. ಹೇಳೋ ದನಿ ಬೇಕಷ್ಟ,” ಎಂದರು.

ಆ ದನಿ ತಯಾರಾದದ್ದು ಸಿರುಗುಪ್ಪದ ಒಂದು ಹೈಸ್ಕೂಲಿನ ಮೈದಾನದಲ್ಲಿ. ಚಿಕ್ಕಪ್ಪ, ಅಂದರೆ ನಮ್ಮ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ, ಅಲ್ಲಿ ಪಿ.ಟಿ. ಮಾಸ್ತರಾಗಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷಗಳಾದವು. ಹಾಗೆಂದು ಸರ್ಕಾರ ಹೇಳುತ್ತದೆ, ಅವರು ಒಪ್ಪುವುದಿಲ್ಲ. ಇವತ್ತಿಗೂ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಯ ಮೇಲೆ ಅಗಲವಾದ ವಿಭೂತಿ, ಕಾಲಿಗೆ ಸುಣ್ಣ ಬಳಿದಂಥ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಕೆಳಗೆ ಕಪ್ಪು ದಾರದ ಸೀಟಿ, ಇಷ್ಟು ಹಾಕಿಕೊಂಡೇ ಹೊಸ್ತಿಲು ದಾಟುತ್ತಾರೆ. ತಳ್ಳುಗಾಡಿಯವನು ರಸ್ತೆಗೆ ಅಡ್ಡ ನಿಂತರೆ ಸೀಟಿ. ಆಟೋದವನು ಒಬ್ಬರನ್ನು ಹೆಚ್ಚು ಹತ್ತಿಸಿಕೊಂಡರೆ ಸೀಟಿ. ಕುರುಗೋಡಿನಲ್ಲಿ ನೆಂಟರ ಮದುವೆ ನಡೆದಾಗ ಊಟದ ಪಂಕ್ತಿ ಏಳುವುದು ತಡವಾಯಿತೆಂದು ಇವರು ಸೀಟಿ ಊದಿ, “ಮೊದಲನೇ ಪಂಕ್ತಿ ಏಳು! ಎಡಕ್ಕ ತಿರುಗು!” ಎಂದರು. ಪಂಕ್ತಿಯವರು ತಿರುಗಲಿಲ್ಲ. ಪಾಯಸ ಬಡಿಸುತ್ತಿದ್ದ ಹುಡುಗ ಇವರ ಹಳೆಯ ಶಿಷ್ಯ, ಅವನು ತಿರುಗಿದ. ಎಡಕ್ಕೆ ಗಂಡಿನ ಸೋದರಮಾವ ಕೂತಿದ್ದರು. ಪಾಯಸ ಚೆನ್ನಾಗಿಯೇ ಬಿಸಿಯಾಗಿತ್ತು ಎಂದು ಆಮೇಲೆ ಅವರೇ ಹೇಳಿದರು.

ಇವರ ಹೆಸರು ಮಾತ್ರ ಕೇಳಬೇಡಿ. ಬರೆದುಬಿಟ್ಟರೆ ಅರ್ಧ ಸಿರುಗುಪ್ಪ ಓದುತ್ತಿದ್ದಲ್ಲಿಯೇ ಎದ್ದು ಅಟೆನ್ಷನ್ನಿನಲ್ಲಿ ನಿಂತುಬಿಡುತ್ತದೆ! ನನ್ನ ಮಕ್ಕಳು ಕರೆಯುವುದು ‘ಸೀಟಿ ತಾತ’ ಎಂದು. ನಮಗೆ ಅಷ್ಟು ಸಾಕು.

ನಾವಿರುವುದು ಬಳ್ಳಾರಿಯಲ್ಲಿ. ಗಂಡನದು ಜೀನ್ಸ್ ಹೊಲಿಯುವ ಸಣ್ಣ ಘಟಕ. ಮಗ ಸಮರ್ಥ ಮೂರನೇ ಕ್ಲಾಸು, ಮಗಳು ಚಿನ್ನಿ ಯು.ಕೆ.ಜಿ. ಹೋದ ಡಿಸೆಂಬರ್ ರಜೆಯಲ್ಲಿ ಮಕ್ಕಳಿಗೆ ಸಮುದ್ರ ತೋರಿಸೋಣವೆಂದು ಹೊನ್ನಾವರದ ಆಚೆಗಿನ ಒಂದು ಮೀನುಗಾರರ ಊರಿನಲ್ಲಿ ರೂಮು ಹಿಡಿದೆವು. ನಾಲ್ಕು ಜನರ ಪ್ರವಾಸ, ನಾಲ್ಕು ಜನರ ಕಾರು, ನಾಲ್ಕು ಜನರ ಲೆಕ್ಕ. ಹೊರಡುವ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಚಿಕ್ಕಪ್ಪ! ಸಿರುಗುಪ್ಪದ ಮೊದಲನೇ ಬಸ್ಸಿಗೆ ಬಂದಿದ್ದರು. ಪಕ್ಕದಲ್ಲಿ ಒಂದು ಟ್ರಂಕು, ಒಂದು ರೊಟ್ಟಿಯ ಗಂಟು, ಒಂದು ಸುರುಳಿ ಹಗ್ಗ.

“ಟೂರ್ ಅಂತ?” ಎಂದರು.

“ಹೂಂ ಚಿಗಪ್ಪ. ನಿಮಗ ಯಾರು ಹೇಳಿದ್ರು?”

“ಯಾರ ಹೇಳ್ಲಿ. ಮ್ಯಾನೇಜರ್ ಯಾರು?”

ನಾನೂ ಗಂಡನೂ ಒಬ್ಬರ ಮುಖ ಒಬ್ಬರು ನೋಡಿದೆವು. ಮ್ಯಾನೇಜರ್ ಇಲ್ಲದ ಟೂರು ಎಂಬ ಕಲ್ಪನೆಯೇ ಚಿಕ್ಕಪ್ಪನವರಿಗೆ ಎದೆ ಝಲ್ಲೆನ್ನಿಸುವಂಥದ್ದು. ಶಾಲೆಯ ಮಕ್ಕಳನ್ನು ಟೂರಿಗೆ ಕರೆದೊಯ್ದು, ಹೋದಷ್ಟೂ ತಲೆಗಳನ್ನು ವಾಪಸು ತಂದದ್ದು ಅವರ ಜೀವಮಾನದ ದೊಡ್ಡ ಸಾಧನೆ. ಅಡುಗೆಮನೆಗೆ ಹೋಗಿ ಮೆಲ್ಲಗೆ ಚಿಕ್ಕಮ್ಮನಿಗೆ ಫೋನು ಮಾಡಿದೆ. “ಚಿಗವ್ವ, ಚಿಗಪ್ಪ ಬಂದು ಕುಂತಾರ...” ಎನ್ನುವಷ್ಟರಲ್ಲಿ ಆ ಕಡೆಯಿಂದ ಚಹಾ ಹೀರುವ ಸದ್ದು ಕೇಳಿಸಿತು. ಅಷ್ಟು ನೆಮ್ಮದಿಯಿಂದ ಆಕೆ ಚಹಾ ಕುಡಿದದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

“ಕರಕೊಂಡು ಹೋಗವ್ವ. ನನಗೂ ರಜಾ ಬ್ಯಾಡೇನು? ಗುಳಿಗಿ ಟ್ರಂಕಿನಾಗ ಅದಾವ, ನೆನಪು ಮಾಡು. ಬೇಕಾದ್ರ ಇನ್ನ ಎರಡು ದಿನ ಜಾಸ್ತಿ ಇಟಗೊಂಡು ಕಳಸು,” ಎಂದಳು.

ಹೀಗೆ ಐದು ಜನರ ಪ್ರವಾಸ ಹೊರಟಿತು. ಹುಬ್ಬಳ್ಳಿ ದಾಟುವವರೆಗೂ ಚಿಕ್ಕಪ್ಪ ನಿಯಮಗಳನ್ನು ಬೋಧಿಸಿದರು. ಕಿಟಕಿಯಿಂದ ಕೈ ಹೊರಗೆ ಹಾಕಬಾರದು. ಕೂತಲ್ಲಿ ಬೆನ್ನು ನೆಟ್ಟಗಿರಬೇಕು. ವಾಂತಿ ಬರುವಂತಾದರೆ ಮುಂಚಿತವಾಗಿ ಕೈ ಎತ್ತಿ ಅನುಮತಿ ಕೇಳಬೇಕು. ಅರಬೈಲು ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ಏನೂ ಆಗಲಿಲ್ಲ; ಬಾಯಿ ಬಿಟ್ಟುಕೊಂಡು ಕಾಡು ನೋಡುತ್ತಿದ್ದವು. ಹಿಂದಿನ ಸೀಟಿನಲ್ಲಿ ಒಂದು ಕೈ ಮೇಲೆದ್ದಿತು. ಚಿಕ್ಕಪ್ಪನದು! ಅನುಮತಿ ಕೊಡುವವರು ಯಾರೆಂದು ನಾವು ಯೋಚಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಗಾಡಿ ತೊಳೆದು ಮತ್ತೆ ಹೊರಟಾಗ ಅವರು ಗಂಭೀರವಾಗಿ, “ಹೊಟ್ಟಿಗೂ ಒಂದು ವಾರ್ಮಪ್ ಬೇಕಾಗ್ತೈತಿ,” ಎಂದರು.

ರೂಮು ಹಿಡಿದದ್ದು ನನ್ನ ಗಂಡ, ಮೊಬೈಲಿನಲ್ಲಿ ಫೋಟೋ ನೋಡಿ. ಫೋಟೋದಲ್ಲಿ ಕಿಟಕಿ ಇತ್ತು, ಕಿಟಕಿಯಲ್ಲಿ ಸಮುದ್ರವಿತ್ತು. ಸುಳ್ಳೇನಲ್ಲ, ಎರಡೂ ಇದ್ದವು. ಆದರೆ ಕಿಟಕಿಗೂ ಸಮುದ್ರಕ್ಕೂ ನಡುವೆ ಮೀನು ಒಣಗಿಸುವ ಅಂಗಳವಿದ್ದದ್ದು ಫೋಟೋಕ್ಕೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಫೋಟೋಕ್ಕೆ ವಾಸನೆ ಎಲ್ಲಿಂದ ಬರಬೇಕು? ಹುಟ್ಟಿದಾರಭ್ಯ ಬೆಳ್ಳುಳ್ಳಿಯ ಒಗ್ಗರಣೆಗಿಂತ ಘಾಟಾದ ಪದಾರ್ಥವನ್ನು ಮೂಸದ ನಾವು ಐದು ಜನ ಶರಣರು ಕಾರಿನಿಂದ ಇಳಿದು, ಉಸಿರು ಬಿಗಿಹಿಡಿದು ಸಾಲಾಗಿ ನಿಂತೆವು. ಚಿಕ್ಕಪ್ಪ ಕರ್ಚೀಫು ತೆಗೆದು ಮೂಗಿಗೆ ಕಟ್ಟಿಕೊಂಡು, ಅದರ ಒಳಗಿಂದಲೇ ಸೀಟಿ ಊದಲು ನೋಡಿದರು. ಸೀಟಿಯಿಂದ ಬೆಕ್ಕಿನ ಮರಿಯಂಥ ದನಿ ಬಂತು.

ಮನೆಯೊಡತಿ ಹೊರಗೆ ಬಂದಳು. ಅರವತ್ತರ ಆಸುಪಾಸಿನ ಮೀನುಗಾರ ಹೆಂಗಸು, ದೊಡ್ಡ ಆಳು, ಅದಕ್ಕಿಂತ ದೊಡ್ಡ ನಗು. ನಮ್ಮ ತಂಡವನ್ನು ನೋಡಿ, “ಎಂತ, ಮೂಗಿಗೆ ಪೆಟ್ಟಾಗಿದ್ಯಾ?” ಎಂದು ಕೇಳಿದಳು.

“ಇಲ್ರೀ ಅಮ್ಮಾರ. ಧೂಳು,” ಎಂದರು ಚಿಕ್ಕಪ್ಪ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಒಬ್ಬರ ಮನಸ್ಸು ನೋಯಬಾರದೆಂದು ಮಾತನಾಡಿದ್ದು ಕೇಳಿ ನನಗೆ ಆಶ್ಚರ್ಯವಾಯಿತು.

ಹೊತ್ತು ಮೀರಿದ ಮಧ್ಯಾಹ್ನದ ಊಟಕ್ಕೆ ಹೋಟೆಲಿಗೆ ಹೋದೆವು. “ಮೀನು ಎಂತ ಬೇಕು?” ಎಂದ ಮಾಣಿ.

“ನಾವು ಮೀನು ತಿನ್ನಂಗಿಲ್ಲ,” ಎಂದರು ಚಿಕ್ಕಪ್ಪ.

“ಅಡ್ಡಿಲ್ಲ. ಹಾಗಾದ್ರೆ ಸಿಗಡಿ?”

“ಸಿಗಡಿ ಅಂದ್ರ ಯಾವ ಕಾಯಿಪಲ್ಲೆ?”

ಮಾಣಿ ಸ್ವಲ್ಪ ಯೋಚಿಸಿ, “ಏಡಿ ಮಾಡ್ಲಾ? ಅದು ಮೀನಲ್ಲ, ಕಾಲು ಉಂಟು,” ಎಂದ. ಕೊನೆಗೆ ಅನ್ನ, ಸಾರು, ಉಪ್ಪಿನಕಾಯಿಗೆ ಒಪ್ಪಂದವಾಯಿತು. ಬಂದ ಅನ್ನ ಕುಚ್ಚಲಕ್ಕಿಯದು. ಚಿಕ್ಕಪ್ಪ ಒಂದು ಅಗುಳನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಸುತ್ತ ಭತ್ತ ಬೆಳೆಯುವ ಸಿರುಗುಪ್ಪದಿಂದ ಬಂದವರಲ್ಲವೇ? “ಪಾಪ, ಈ ಅಕ್ಕಿಗೆ ಬಾವು ಬಂದೈತಿ,” ಎಂದು ಬಹಳ ಕನಿಕರದಿಂದ ಹೇಳಿ, ಗಂಟು ಬಿಚ್ಚಿ ಎಲ್ಲರ ತಟ್ಟೆಗೂ ಒಂದೊಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದರು. ಮಾಣಿಗೂ ಒಂದು ಕೊಟ್ಟರು. ಅವನು ಅದನ್ನು ಕಟುಂ ಕಟುಂ ಎನ್ನಿಸುತ್ತ ಒಳಗೆ ಹೋದವನು, ತುಸು ಹೊತ್ತಿಗೆ ಅಡುಗೆಯವರನ್ನೂ ಕರೆದುಕೊಂಡು ಬಂದ!

ಸಂಜೆ ಸಮುದ್ರದ ಮೊದಲ ದರ್ಶನ. ಸಮರ್ಥ ಕಂಡೊಡನೆ ಓಟ ಕಿತ್ತ. ಚಿನ್ನಿ ಮಾತ್ರ ಮರಳಿನ ಮೇಲೆ ಕಾಲಿಟ್ಟವಳೇ ನನ್ನ ಚೂಡಿದಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. “ಮಮ್ಮಿ, ಅದು ನನ್ನ ಕಡಿಗೇ ಬರಾಕ ಹತ್ತೈತಿ!” ಎಂದಳು. ಹೌದು, ನೋಡಿದರೆ ಹಾಗೆಯೇ ಕಾಣುತ್ತದೆ. ಅಷ್ಟು ದೊಡ್ಡ ಸಮುದ್ರ, ಅಷ್ಟು ದೂರದಿಂದ, ಬೇರೆ ಯಾರನ್ನೂ ಬಿಟ್ಟು ತನ್ನೊಬ್ಬಳನ್ನೇ ಹುಡುಕಿಕೊಂಡು ಬರುತ್ತಿದೆ ಎಂದರೆ ಐದು ವರ್ಷದ ಮಗು ಏನು ಮಾಡಬೇಕು? ಅಳಬೇಕು. ಅತ್ತಳು.

ಇನ್ನೊಂದು ಕಡೆ ಸೀಟಿ ಮೊಳಗಿತು. “ಲೇ ಸಮರ್ಥ! ನಿಲ್ಲಲೇ ಅಲ್ಲೇ! ಅಟೆನ್ಷನ್!” ಚಿಕ್ಕಪ್ಪ ಬೂಟಿನ ಹಿಮ್ಮಡಿಯಿಂದ ಮರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. “ಈ ಗೆರಿ ಯಾರೂ ದಾಟಂಗಿಲ್ಲ!” ಅಲೆ ಬಂದು ಗೆರೆ ಅಳಿಸಿಕೊಂಡು ಹೋಯಿತು. ಅದರ ಹಿಂದೆ ಇನ್ನೊಂದು ಗೆರೆ ಎಳೆದರು. ಅದನ್ನೂ ಅಳಿಸಿತು. ಹೀಗೆ ಗೆರೆ ಎಳೆಯುತ್ತ ಎಳೆಯುತ್ತ ನಾವು ಐಸ್ಕ್ರೀಮ್ ಗಾಡಿಯ ಹತ್ತಿರ ಬಂದು ಮುಟ್ಟಿದೆವು! ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ, ಬೇಕಾದವರು ನೋಡಬಹುದು ಎಂದರು ಚಿಕ್ಕಪ್ಪ. ಆಮೇಲೆ ಸಮುದ್ರದ ಎದುರು ನಿಂತು ಅದಕ್ಕೇ ಸೀಟಿ ಊದಿದ್ದೂ ಆಯಿತು. ಅದು ‘ಆಜ್ಞೆಗೆ ಮಣಿದು’ ಹಿಂದೆ ಸರಿದದ್ದು ಇದಾದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ಕತ್ತಲಾಗಿ, ನಾವು ರೂಮಿಗೆ ಹೊರಟಿದ್ದೆವು.

“ತಾತ, ಸಮುದ್ರದ ನೀರು ಯಾಕ ಉಪ್ಪು?” ಎಂದ ಸಮರ್ಥ ದಾರಿಯಲ್ಲಿ.

ಗೊತ್ತಿಲ್ಲ ಎಂಬ ಶಬ್ದ ಚಿಕ್ಕಪ್ಪನ ಬಾಯಲ್ಲಿ ಹುಟ್ಟೇ ಇಲ್ಲ. “ಮೀನು ಬೆವರ್ತಾವ ಲೇ. ದಿನಾ ಈಜ್ತಾವಲ್ಲ. ವ್ಯಾಯಾಮ ಮಾಡಿದ್ರ ಬೆವರು ಬರಬೇಕು. ನಿನ್ನಂಗ ಮೊಬೈಲ್ ಹಿಡಕೊಂಡು ಕುಂತಿದ್ರ ಸಮುದ್ರ ಸಪ್ಪಗ ಇರ್ತಿತ್ತು.”

ಸಮುದ್ರದ ಬಗ್ಗೆ ಅವರ ಒಟ್ಟು ಅಭಿಪ್ರಾಯವೂ ಅವತ್ತೇ ಹೊರಬಿತ್ತು. “ನೀರು ಬಾಳ ಐತಿ, ಖರೇ. ಆದ್ರ ಉಪಯೋಗ ಏನು? ಒಂದು ಮಡಿ ಭತ್ತ ನಾಟಿ ಮಾಡಾಕ ಬರ್ತೈತೇನು? ನಮ್ಮ ಕಾಲುವಿಗೆ ಗೇಟ್ ಐತಿ, ಹೇಳಿದಾಗ ಬರ್ತೈತಿ, ಹೇಳಿದಾಗ ನಿಲ್ತೈತಿ. ಇದಕ್ಕ ಹೇಳೋರಿಲ್ಲ, ಕೇಳೋರಿಲ್ಲ.”

ಮರುದಿನ ಬೆಳಿಗ್ಗೆ ಗದ್ದಲ ಕೇಳಿ ಕಿಟಕಿಗೆ ಬಂದೆ. ದಡದಲ್ಲಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದೊಳಗೆ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಡದಿಂದ ಎರಡು ಗುಂಪಾಗಿ ಎಳೆಯುವ ಹಳೆಯ ಪದ್ಧತಿ. ಹೆಂಗಸರು, ಗಂಡಸರು, ದಾರಿಯಲ್ಲಿ ಹೋಗುವವರು, ಯಾರು ಬೇಕಾದರೂ ಹಗ್ಗಕ್ಕೆ ಕೈ ಹಾಕಬಹುದು. ನಾನು ನೋಡುವಾಗ ಒಂದು ಗುಂಪಿನ ಮಗ್ಗುಲಲ್ಲಿ ಬಿಳಿ ಬೂಟು ಕುಣಿಯುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಓಡಿದೆ.

“ತಪ್ಪು! ಎಲ್ಲಾ ತಪ್ಪು!” ಚಿಕ್ಕಪ್ಪನ ದನಿ ಅಲೆಗಳನ್ನು ಮೀರಿಸಿತ್ತು. “ದಪ್ಪನ್ನೋರು ಹಿಂದ ಬರ್ರಿ! ಹಿಮ್ಮಡಿ ಊರ್ರಿ! ಬೆನ್ನು ಬಗ್ಗಿಸಬ್ಯಾಡ್ರಿ! ಸೀಟಿ ಊದಿದಾಗ ಎಲ್ಲಾರೂ ಕೂಡಿ ಜಗ್ಗಬೇಕು!” ಜಿಲ್ಲಾ ಮಟ್ಟದವರೆಗೆ ಹಗ್ಗಜಗ್ಗಾಟದ ತಂಡಗಳನ್ನು ಒಯ್ದ ಮನುಷ್ಯ, ಕಣ್ಣೆದುರಿಗೆ ಅಷ್ಟು ಉದ್ದದ ಹಗ್ಗವಿರುವಾಗ ಕೈ ಕಟ್ಟಿಕೊಂಡು ಹೇಗೆ ನಿಂತಾರು?

“ಮಾಸ್ತರೇ, ಪೀಪಿ ಊದಬೇಡಿ ಮಾರಾಯ್ರೇ, ಮೀನು ಓಡ್ತವೆ,” ಎಂದಳು ಹಗ್ಗ ಹಿಡಿದಿದ್ದ ಮನೆಯೊಡತಿ. “ಮತ್ತೆ ಇದು ಪಂದ್ಯ ಅಲ್ಲ. ಆ ತುದಿಯಲ್ಲಿ ನಮ್ಮ ಎದುರಾಳಿ ಯಾರೂ ಇಲ್ಲ. ಮೀನು ಮಾತ್ರ.”

“ಎದುರಾಳಿನ್ನ ಯಾವತ್ತೂ ಸಣ್ಣ ತಿಳಕೋಬಾರದ್ರಿ ಅಮ್ಮಾರ!”

ಎಷ್ಟು ದಶಕಗಳಿಂದ ಕೇಳಿಬಂದ ಸೀಟಿ ಅದು! ಅದನ್ನು ಪೀಪಿ ಎಂದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಚಿಕ್ಕಪ್ಪ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟು, ತಾವೇ ಹಗ್ಗದ ಕಟ್ಟಕಡೆಯ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತರು. ಅಲ್ಲಿನ ಕ್ರಮವೆಂದರೆ ಎಳೆಯುತ್ತ ಎಳೆಯುತ್ತ ಹಿಂದೆ ಬಂದವರು ಮತ್ತೆ ನೀರಿನ ಅಂಚಿಗೆ ಹೋಗಿ ಹಗ್ಗದ ಮುಂದಿನ ಭಾಗ ಹಿಡಿಯಬೇಕು. ಎಲ್ಲರೂ ಹೋದರು, ಇವರು ಹೋಗಲಿಲ್ಲ. “ಕಡೇ ಆಟಗಾರ ಜಾಗಾ ಬಿಡಂಗಿಲ್ಲ. ರೂಲ್ಸ್!” ಎಂದರು. ಹುಣಸೆ ಮರಕ್ಕೆ ಕಟ್ಟಿದಂತೆ ಹಗ್ಗ ಅವರ ಸುತ್ತ ಸುರುಳಿಯಾಗಿ ಬೆಳೆಯುತ್ತ ಹೋಯಿತು. ಬಲೆ ದಡಕ್ಕೆ ಬಂದಾಗ ಮೊದಲು ಬಿಡಿಸಬೇಕಾದದ್ದು ಚಿಕ್ಕಪ್ಪನನ್ನು.

ಬಲೆಯಲ್ಲಿ ಬೆಳ್ಳಗೆ ಹೊಳೆಯುವ ಬಂಗಡೆ ಮೀನು ರಾಶಿಯಾಗಿ ಕುಣಿಯುತ್ತಿತ್ತು. ಸಮರ್ಥ ಕಿರುಚಿ ಕುಪ್ಪಳಿಸಿದ. ಚಿಕ್ಕಪ್ಪನ ವಿಭೂತಿಯ ಮೇಲೆ ಎರಡು ಮೀನಿನ ಪೊರೆ ಅಂಟಿಕೊಂಡಿತ್ತು. ಅವರಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನಮಗೂ ಇರಲಿಲ್ಲ. ಮನೆಯೊಡತಿ ಒಂದು ಚೀಲದಲ್ಲಿ ಮೀನು ತುಂಬಿ ಅವರ ಕೈಗೆ ಹಿಡಿಸಿದಳು. “ಎಳೆದವರಿಗೆಲ್ಲ ಪಾಲುಂಟು ಮಾಸ್ತರೇ.”

ಬೇಡವೆನ್ನಲು ಚಿಕ್ಕಪ್ಪ ಬಾಯಿ ತೆರೆದರು. ಆದರೆ ಗೆದ್ದ ತಂಡಕ್ಕೆ ಕೊಟ್ಟ ಪ್ರೈಜನ್ನು ಬೇಡವೆಂದವರು ಉಂಟೇ? ತೆರೆದ ಬಾಯಿ ಮುಚ್ಚಿ, ಎದೆ ಸೆಟೆಸಿ, ಒಂದು ಸೆಲ್ಯೂಟ್ ಹೊಡೆದು ಚೀಲ ಸ್ವೀಕರಿಸಿದರು. ಆಮೇಲೆ ಅದನ್ನು ಆದಷ್ಟು ದೂರಕ್ಕೆ ಕೈ ಚಾಚಿ ಹಿಡಿದುಕೊಂಡು, ಮುಖವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿಕೊಂಡು ಊರ ಬೀದಿಯಲ್ಲಿ ನಡೆದರು. ಹಿಂದೆ ಒಂದು ಬೆಕ್ಕು. ಅದರ ಹಿಂದೆ ಇನ್ನೊಂದು. ಮನೆ ಮುಟ್ಟುವ ಹೊತ್ತಿಗೆ ಬೀದಿಯ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಒಂದರ ಹಿಂದೆ ಒಂದು ನಡೆದಿದ್ದವು. ಇಷ್ಟು ವರ್ಷಗಳ ಅವರ ಸೇವೆಯಲ್ಲಿ ಇಷ್ಟು ನೆಟ್ಟಗಿನ ಸಾಲು ನಾನು ನೋಡಿರಲಿಲ್ಲ, ಅದೂ ಸೀಟಿಯಿಲ್ಲದೆ!

ಚೀಲ ಮನೆಯೊಡತಿಯ ಅಡುಗೆಮನೆ ಸೇರಿತು. ಚಿಕ್ಕಪ್ಪ ಎರಡನೇ ಸ್ನಾನ ಮುಗಿಸಿ ಚಿಕ್ಕಮ್ಮನಿಗೆ ಫೋನು ಹಚ್ಚಿದರು. ಗಾಳಿಗೆ ಮಾತು ಕಡಿಯುತ್ತಿತ್ತು, ಹಾಗಾಗಿ ಸ್ಪೀಕರಿಗೆ ಹಾಕಿ ಕಿರುಚುತ್ತಿದ್ದರು. “ಲೇ, ನನಗ ಇಲ್ಲಿ ಪ್ರೈಜ್ ಬಂತು!”

“ಏನ್ ಪ್ರೈಜ್?”

“ಬಂಗಡಿ! ಬಂಗಡಿ!”

ಆ ಕಡೆಯಿಂದ ಚಿಕ್ಕಮ್ಮನ ಪಿಸುದನಿ: “ಬಂಗಾರ? ಹಂಗ ಒದರಬ್ಯಾಡ್ರಿ, ಮಂದಿ ಕೇಳ್ತಾರ! ಒಳಗಿನ ಕಿಸೆದಾಗ ಇಟಗೋರ್ರಿ!”

ನಕ್ಕೂ ನಕ್ಕೂ ನಮ್ಮ ಹೊಟ್ಟೆ ಹುಣ್ಣಾಯಿತು. ಚಿಕ್ಕಪ್ಪನೂ ನಕ್ಕರು. ಅವತ್ತು ಮಧ್ಯಾಹ್ನದವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಮಧ್ಯಾಹ್ನ ದೋಣಿಯ ಮಾತು ಬಂತು. ಸ್ವಲ್ಪ ದೂರದಲ್ಲಿ ಒಂದು ನಡುಗಡ್ಡೆ ಇದೆ, ಬಂದರಿನಿಂದ ದೋಣಿಯಲ್ಲಿ ಕರೆದೊಯ್ದು ತೋರಿಸಿ ತರುತ್ತಾರೆ. ಸಮರ್ಥ ಬಳ್ಳಾರಿಯಿಂದಲೇ ಅದನ್ನು ಜಪಿಸುತ್ತಿದ್ದ. ಎಲ್ಲರೂ ಬಂದರಿಗೆ ಹೋದೆವು. ಕಟ್ಟೆಯ ಮೇಲೆ ಚಿಕ್ಕಪ್ಪ ಕೈ ಅಡ್ಡ ಹಿಡಿದು ನಿಂತರು.

“ಮಕ್ಕಳು ದೋಣಿ ಹತ್ತಂಗಿಲ್ಲ.”

“ಜಾಕೀಟು ಕೊಡ್ತಾರ ಮಾವಾರ, ಏನೂ ಆಗಂಗಿಲ್ಲ,” ಎಂದ ನನ್ನ ಗಂಡ.

“ಜಾಕೀಟು ನೀರಿಗೆ ಗೊತ್ತಾಗ್ತೈತೇನು? ಬ್ಯಾಡ ಅಂದ್ರ ಬ್ಯಾಡ. ಮ್ಯಾನೇಜರ್ ನಾನು.”

ಸಮರ್ಥ ಅಳತೊಡಗಿದ. ದೋಣಿಯವನು ಬರುತ್ತೀರೋ ಇಲ್ಲವೋ ಎಂದು ಕೂಗಿದ. ಜನ ನೋಡುತ್ತಿದ್ದರು. ನನ್ನ ಗಂಡ ತಾಳ್ಮೆಯ ಮನುಷ್ಯ. ಘಟ್ಟದಲ್ಲಿ ಸೀಟು ತೊಳೆದಾಗಲೂ, ಐಸ್ಕ್ರೀಮ್ ಗಾಡಿಯವರೆಗೆ ಹಿಂದೆ ಸರಿದಾಗಲೂ ತುಟಿ ಬಿಚ್ಚದವನು. ಎಲ್ಲ ತಾಳ್ಮೆಗೂ ಒಂದು ಕೊನೆ ಇರುತ್ತದಲ್ಲ?

“ಮಾವಾರ, ನೀವು ಬರದಿದ್ರ ನಮ್ಮ ಹುಡುಗ್ರು ಒಂದೀಟು ಆಟ ಆಡ್ತಿದ್ವು,” ಎಂದುಬಿಟ್ಟ.

ದನಿ ಎತ್ತಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ಕೇಳಿಸಿತು. ಚಿಕ್ಕಪ್ಪ ಅಡ್ಡ ಹಿಡಿದ ಕೈ ಇಳಿಸಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಪ್ಪ, ಮಗ ದೋಣಿ ಹತ್ತಿ ಹೋದರು. ಚಿನ್ನಿ ಹೇಗೂ ನೀರಿನ ಹತ್ತಿರ ಬರುವವಳಲ್ಲ. ನಾನೂ ಅವಳೂ ನೆರಳಿಗೆ ಬಂದು ಕೂತೆವು. ಚಿಕ್ಕಪ್ಪ ಕೂರಲಿಲ್ಲ. ದೋಣಿ ಹೋಗಿ, ಚುಕ್ಕೆಯಾಗಿ, ಮತ್ತೆ ದೊಡ್ಡದಾಗಿ ಬಂದು ಕಟ್ಟೆಗೆ ತಾಗುವವರೆಗೂ ಬಿಸಿಲಲ್ಲಿ ಅದೇ ಜಾಗದಲ್ಲಿ ನಿಂತಿದ್ದರು. ಸಿಟ್ಟು ಎಂದುಕೊಂಡೆ. ಎಳನೀರು ಒಯ್ದು ಕೊಟ್ಟರೆ ಕಣ್ಣು ತಿರುಗಿಸದೆಯೇ ಬೇಡವೆಂದು ತಲೆಯಾಡಿಸಿದರು. ಸಮರ್ಥ ನಗುನಗುತ್ತ ಇಳಿದು ಬಂದ. ಚಿಕ್ಕಪ್ಪ ಅವನ ತಲೆಯನ್ನು ಒಮ್ಮೆ ಮುಟ್ಟಿ, ರೂಮಿಗೆ ಹೋದರು. ಅವತ್ತು ಸಂಜೆ ಸೀಟಿಯ ಸದ್ದಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲವೆಂದರು. ಗಂಡ ಹೋಗಿ, “ತಪ್ಪಾತು ಮಾವಾರ,” ಎಂದ. “ಅದರಾಗ ಏನೈತಿ ಅಳಿಯಾರ, ಖರೇನ ಅಂದ್ರಿ,” ಎಂದರು. ಅಷ್ಟು ಮೆತ್ತಗಿನ ಉತ್ತರ ಅವರಿಂದ ಬಂದದ್ದು ನೋಡಿ ನಮಗೆ ಇನ್ನೂ ಭಯವಾಯಿತು.

ಮಾರನೆಯ ದಿನ ವಾಪಸು ಹೊರಡುವುದಿತ್ತು. ಬೆಳಕು ಹರಿಯುವಾಗ ಎಚ್ಚರಾದರೆ ಚಿನ್ನಿಯ ಹಾಸಿಗೆ ಖಾಲಿ. ಚಿಕ್ಕಪ್ಪನದೂ ಖಾಲಿ. ಹಾಗೆಯೇ ಕೆಳಗೆ ಓಡಿದೆ. ಅಂಗಳ ಗುಡಿಸುತ್ತಿದ್ದ ಮನೆಯೊಡತಿ ಪೊರಕೆಯಿಂದಲೇ ಸಮುದ್ರದ ಕಡೆ ತೋರಿಸಿ, “ಅಲ್ಲಿದ್ದಾರೆ. ಗಡಿಬಿಡಿ ಮಾಡ್ಬೇಡಿ,” ಎಂದಳು.

ಮರಳಿನ ಮೇಲೆ ಎಳೆದಿಟ್ಟ ಒಂದು ದೋಣಿಯ ಹಿಂದೆ ನಿಂತೆ. ನೀರಿನ ಅಂಚಿಗೆ ಸ್ವಲ್ಪ ಈಚೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತಿದ್ದರು. ಚಿಕ್ಕಪ್ಪನದು ಬರಿಗಾಲು. ಪ್ಯಾಂಟು ಮೊಣಕಾಲಿಗೆ ಮಡಚಿದ್ದರು. ಬೂಟಿಲ್ಲದ ಆ ಪಾದಗಳು ಎಷ್ಟು ಸಣ್ಣವು, ಎಷ್ಟು ಬೆಳ್ಳಗಿನವು!

“ತಾತ, ನಿನಗ ಅಂಜಿಕಿ ಬರಂಗಿಲ್ಲಾ?” ಎಂದು ಕೇಳುತ್ತಿದ್ದಳು ಚಿನ್ನಿ.

“ಬರ್ತೈತಿ.”

“ಸುಳ್ಳು.”

“ಖರೇನವ್ವ. ನಿನ್ನಕಿಂತ ಜಾಸ್ತಿ ಬರ್ತೈತಿ. ಯಾರಿಗೂ ಹೇಳಬ್ಯಾಡ.” ಚಿಕ್ಕಪ್ಪ ನೀರನ್ನೇ ನೋಡುತ್ತಿದ್ದರು. “ನಾ ನಿನ್ನಷ್ಟ ಇದ್ನಿ. ನಮ್ಮವ್ವನ ತವರುಮನಿ ಸಿರುಗುಪ್ಪ. ಅಲ್ಲಿ ಹೊಳಿಗೆ ಎತ್ತು ಮೈ ತೊಳಿಯಾಕ ಹೋಗಿದ್ವಿ, ನಾನು ಮತ್ತ ನಿನ್ನ ದೊಡ್ಡ ತಾತ. ನಿಮ್ಮಮ್ಮನ ಅಪ್ಪ. ನಾ ಒಂದು ಕುಣಿಯಾಗ ಕಾಲಿಟ್ಟೆ. ಕೆಳಗ ಹೋದೆ. ಕಣ್ಣು ತೆಗದ್ರ ಎಲ್ಲಾ ಕೆಂಪು ನೀರು.”

“ಆಮ್ಯಾಲೆ?”

“ಅವನಿಗೂ ಈಜು ಬರ್ತಿರಲಿಲ್ಲ. ಆದ್ರೂ ಬಂದ. ಒಂದು ಕೈಯಾಗ ಎತ್ತಿನ ಬಾಲ ಹಿಡಕೊಂಡಿದ್ದ, ಇನ್ನೊಂದು ಕೈಯಾಗ ನನ್ನ ಕೂದಲಾ. ಎತ್ತು ನಮ್ಮಿಬ್ಬರನ್ನೂ ಎಳಕೊಂಡು ದಂಡಿಗೆ ಬಂತು. ಮನಿಯಾಗ ಯಾರಿಗೂ ಹೇಳಲಿಲ್ಲ. ಹೇಳಿದ್ರ ನನಗ ಹೊಡೀತಾರ ಅಂತ ಅವನೂ ಹೇಳಲಿಲ್ಲ.”

ಚಿನ್ನಿ ತುಂಬ ಹೊತ್ತು ಯೋಚಿಸಿದಳು. “ಎತ್ತು ಏನಾತು?”

“ಮನಿಗೆ ಬಂದು ಮೇವು ತಿಂತು.”

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಪ್ಪನ ಬಗ್ಗೆ ನನಗೆ ತಿಳಿಯದ ಸಂಗತಿ ಇನ್ನು ಏನೂ ಉಳಿದಿಲ್ಲ, ಹೊಸದಾಗಿ ಏನೂ ಸಿಗುವುದಿಲ್ಲ ಎಂದುಕೊಂಡಿದ್ದೆ. ದೋಣಿಯ ಒದ್ದೆ ಹಲಗೆಯ ಮೇಲೆ ಕೈಯಿಟ್ಟು ನಿಂತುಕೊಂಡೆ.

“ಅಂಜಿಕಿ ಬರ್ತೈತಿ ಅಂದ್ರ ನೀ ಯಾಕ ಬಂದಿ ಇಲ್ಲಿ?” ಚಿನ್ನಿ ಬಿಡಲಿಲ್ಲ.

ಚಿಕ್ಕಪ್ಪ ಮರಳನ್ನು ಮುಷ್ಟಿಯಲ್ಲಿ ತುಂಬಿ ಸುರಿದರು. “ನೀವು ನೀರಿನ ಕಡಿಗೆ ಹೊಂಟೀರಿ ಅಂತ ಗೊತ್ತಾತು. ಅವನಿದ್ದಿದ್ರ ಅವನ ಬರ್ತಿದ್ದ. ಅವನಿಲ್ಲ. ಅದಕ್ಕ ನಾನ ಬಂದೆ.”

ಚಿನ್ನಿ ಎದ್ದು ನಿಂತಳು. ಫ್ರಾಕಿನ ಮರಳು ಜಾಡಿಸಿಕೊಂಡು ಕೈ ಚಾಚಿದಳು. “ಬಾ ತಾತ. ನಾ ಹಿಡಕೊಂತೀನಿ.”

ಚಿಕ್ಕಪ್ಪ ಎದ್ದರು. ಇಬ್ಬರೂ ಮೆಲ್ಲಗೆ, ಒಂದೊಂದೇ ಹೆಜ್ಜೆ, ನೀರು ಮುಟ್ಟುವಲ್ಲಿಗೆ ಹೋಗಿ ನಿಂತರು. ಅಲೆ ಬಂತು. ದೊಡ್ಡದೇನಲ್ಲ, ಅವರ ಪಾದ ಮುಳುಗಿಸಿ, ಚಿನ್ನಿಯ ಮೊಣಕಾಲಿಗೆ ನಾಲ್ಕು ಹನಿ ಸಿಡಿಸಿ ಹಿಂದೆ ಹೋಯಿತು. ಇಬ್ಬರೂ ಕಿಟಾರನೆ ಕಿರುಚಿದರು. ಚಿಕ್ಕಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಭುಜಗಳು ಕಿವಿಯವರೆಗೆ ಏರಿದ್ದವು.

“ಹೋತು ತಾತ. ಕಣ್ಣು ತೆಗಿ.”

ಅವರು ತೆಗೆದರು. ಮೊದಲು ತಮ್ಮ ಕಾಲು ನೋಡಿಕೊಂಡರು, ಆಮೇಲೆ ಅವಳ ಕಾಲು.

“ಇನ್ನೊಂದು ಬರಾಕ ಹತ್ತೈತಿ,” ಎಂದಳು ಚಿನ್ನಿ.

“ಬರ್ಲಿ,” ಎಂದರು ಚಿಕ್ಕಪ್ಪ.